ಹೆಣ್ಣುಮಕ್ಕಳ ಕಡೆಯ ಫೋಟೋಗಳು

ಆಳಂದದಲ್ಲಿ ನನ್ನದು ಮದುವೆ ಫೋಟೋ ತೆಗೆಯುವ ಕೆಲಸ, ಹೆಣ್ಣುಮಕ್ಕಳ ಕಡೆಯದು ಮಾತ್ರ. ಪರದಾ ಇರುವ ಮನೆಗಳಲ್ಲಿ ಗಂಡಸರು ಕ್ಯಾಮೆರಾ ಹಿಡಿದು ಒಳಗೆ ಬರುವಂತಿಲ್ಲ, ಅದಕ್ಕೇ ನನ್ನನ್ನು ಕರೆಯುತ್ತಾರೆ. ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟ ಮೇಲೆ ಅವರೆದುರಿಗೇ ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿ, ಖಾಲಿಯಾಗಿದ್ದನ್ನು ತೋರಿಸುತ್ತಿದ್ದೆ. ಅವರೂ ನಂಬುತ್ತಿದ್ದರು, ನಾನೂ ನಂಬಿದ್ದೆ.

ಹೋದ ವರ್ಷ ಹೊಸ ಕ್ಯಾಮೆರಾ ಬಂತು. ಹಳೆಯದನ್ನು ಕಾರ್ಡಿನ ಸಮೇತ ಜೇವರ್ಗಿಯ ಒಬ್ಬ ಫೋಟೋಗ್ರಾಫರಿಗೆ ಮಾರಿದೆ. ತಿಂಗಳ ನಂತರ ಒಂದು ಬೆಳಿಗ್ಗೆ ಜೋಳದ ಹಿಟ್ಟು ನಾದುತ್ತಿದ್ದಾಗ ಅವರ ಫೋನು.

"ಅಕ್ಕಾರ, ತಪ್ಪಿ ಅಳಿಸಿದ್ದ ನನ್ನ ಫೋಟೋ ವಾಪಸ್ ತಗ್ಯಾಕ ಒಂದು ಸಾಫ್ಟ್‌ವೇರ್ ಹಚ್ಚಿದ್ದೆ. ನಿಮ್ಮ ಫೋಟೋನೂ ಬರಾಕತ್ತಾವ್ರಿ."

"ಯಾವುವ್ರಿ?"

"ಮದುವಿವು. ಹೆಣ್ಣುಮಕ್ಕಳವು. ಕಂಡ ಕೂಡಲೇ ಬಂದ್ ಮಾಡೀನ್ರಿ."

ಒಲೆ ಆರಿಸಿದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೈ ತೊಳೆದು ಬುರ್ಖಾ ಹಾಕಿಕೊಂಡು ಬಸ್ ಹತ್ತಿದೆ. ಕಲಬುರಗಿಯಲ್ಲಿ ಬಸ್ ಬದಲಿಸಿದ್ದು ನೆನಪಿದೆ, ಉಳಿದ ದಾರಿ ನೆನಪಿಲ್ಲ.

ಜೇವರ್ಗಿಯ ಅಂಗಡಿಯಲ್ಲಿ ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತಾವು ಗೋಡೆ ನೋಡುತ್ತ ನಿಂತರು. ಅಫಜಲಪುರದ ಒಬ್ಬ ಮದುಮಗಳು ಕೂದಲು ಬಿಚ್ಚಿಕೊಂಡು, ಮೆಹಂದಿ ಕೈ ಎತ್ತಿ ನಗುತ್ತಿದ್ದಳು. ನಾನೇ ನಗಿಸಿ ತೆಗೆದದ್ದು.

"ಫಾರ್ಮ್ಯಾಟ್ ಮಾಡಿದ್ರ ಫೋಟೋದ ಹೆಸರಿನ ಪಟ್ಟಿ ಅಷ್ಟ ಹೋಗ್ತದ್ರಿ. ಮ್ಯಾಲ ಹೊಸಾದು ಬರೋತನಕ ಹಳೀವು ಅಲ್ಲೇ ಇರ್ತಾವ," ಎಂದರು.

"ಕಾರ್ಡ್ ತುಂಬ ಬೇರೆ ಏನರ ತುಂಬಿದ್ರ?"

"ಭಾಳಷ್ಟು ಹೋಗ್ತಾವ್ರಿ. ಆದ್ರ ಕಾರ್ಡು ತನಗಂತ ಒಂದಿಷ್ಟು ಜಾಗಾ ಮುಚ್ಚಿಟ್ಕೊಂಡಿರ್ತದ. ಅಲ್ಲಿ ಏನು ಉಳೀತು ಅಂತ ನಮಗ ಕಾಣಂಗಿಲ್ಲ. ಒಡದು ಬಿಡ್ರಿ, ಅದ ಛಲೋ."

ಕಂಪ್ಯೂಟರಿನಲ್ಲಿ ಏನೂ ಉಳಿಸಿಕೊಂಡಿಲ್ಲವೆಂದು ಹೇಳಿ ಕಾರ್ಡ್ ವಾಪಸ್ ಕೊಟ್ಟರು. ಮನೆಗೆ ಬಂದು ಒರಳಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದೆ. ಪ್ಲಾಸ್ಟಿಕ್ ಒಡೆದು ಒಳಗಿನ ಕರಿ ಚಿಪ್ ಚೂರಾಯಿತು, ಆಮೇಲೆ ಪುಡಿಯಾಯಿತು. ಆದರೂ ಸ್ವಲ್ಪ ಹೊತ್ತು ಜಜ್ಜುತ್ತಲೇ ಇದ್ದೆ.

ಮರುದಿನ ಅಫಜಲಪುರಕ್ಕೆ ಹೋಗಿ ಆ ಮದುಮಗಳ ತಾಯಿಗೆ ಎಲ್ಲ ಹೇಳಿದೆ. ನಮ್ಮ ಮಾತು ಉರ್ದುವಿನಲ್ಲೇ ನಡೆಯಿತು.

"ಎಷ್ಟು ಜನ ನೋಡಿದ್ದಾರೆ?"

"ಒಬ್ಬರು. ಕೂಡಲೇ ಮುಚ್ಚಿದೆ ಅಂತಾರೆ."

"ನೀನು ನಂಬುತ್ತೀಯಾ?"

"ನಂಬುತ್ತೇನೆ," ಅಂದೆ. ನಂಬದೆ ಬೇರೆ ಏನು ಮಾಡುವುದಿತ್ತೋ ಗೊತ್ತಿಲ್ಲ.

ಅವರು ಎದ್ದು ಒಳಗೆ ಹೋದರು. ಆಮೇಲೆ ಚಹಾ ತಂದಿಟ್ಟು, "ನನ್ನ ಮಗಳಿಗೆ ಹೇಳಬೇಡ," ಎಂದರು. ಚಹಾ ಕುಡಿದೆ. ಸಕ್ಕರೆ ಇತ್ತೋ ಇಲ್ಲವೋ ತಿಳಿಯಲಿಲ್ಲ.

ಆ ಕಾರ್ಡಿನಲ್ಲಿ ಫೋಟೋ ಸಿಕ್ಕ ಇನ್ನೆರಡು ಮನೆಗಳಿಗೂ ಹೋಗಿ ಹೇಳಿದೆ. ಒಂದು ಮನೆಯಲ್ಲಿ ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿದರು. ಅಫಜಲಪುರದವರ ಚಿಕ್ಕ ಮಗಳ ಮದುವೆಗೆ ಫೋಟೋ ತೆಗೆಯಲು ಕಲಬುರಗಿಯಿಂದ ಬೇರೆಯವರು ಬಂದರಂತೆ.

ಈಗ ಕಾರ್ಡನ್ನು ಮದುವೆ ಮನೆಯವರೇ ತರಬೇಕು. ಕೆಲಸ ಮುಗಿದ ಮೇಲೆ ಕ್ಯಾಮೆರಾದಿಂದ ತೆಗೆದು ಅವರ ಕೈಗೇ ಕೊಟ್ಟು ಬರುತ್ತೇನೆ. ಯಾಕೆ ಎಂದು ಕೇಳಿದವರಿಗೆ ನಡೆದದ್ದನ್ನು ಹೇಳುತ್ತೇನೆ. ಕೇಳಿ ಕೆಲವರು ಕರೆಯುತ್ತಾರೆ, ಕೆಲವರು ಕರೆಯುವುದಿಲ್ಲ.