ಮಿಸ್ಟರ್ ತರುವ ಆಮ್ಲೆಟ್

ಪಾಲೆನ್ಸಿಯಾ ಪಟ್ಟಣದ ಬಳಿಯ ನಮ್ಮೂರ ಫುಟ್‌ಬಾಲ್ ತಂಡದ ಕೋಚ್ ಎಲಾದಿಯೊ ಅವರನ್ನು ಹೆಂಡತಿಯೂ, ನಮ್ಮ ಕಡೆ ಕೋಚ್‌ಗಳನ್ನು ಕರೆಯುವ ಹಾಗೆ, ‘ಮಿಸ್ಟರ್’ ಎಂದೇ ಕರೆಯುತ್ತಾಳೆ. ಭಾನುವಾರದ ಆಟಕ್ಕೆ ಯಾರನ್ನು ಕೈಬಿಡಬೇಕೋ ಅವರ ಮನೆಗೆ ಶನಿವಾರ ಸಂಜೆ ತಾವೇ ಆಲೂಗಡ್ಡೆ ಆಮ್ಲೆಟ್ ಮಾಡಿಕೊಂಡು ಹೋಗುವುದು ಅವರ ಪದ್ಧತಿ. ಈರುಳ್ಳಿ ಹಾಕದಿದ್ದರೆ ಅದು ಆಮ್ಲೆಟ್ಟೇ ಅಲ್ಲ ಎಂಬುದು ಅವರ ಹಟ. ಅವರು ತಟ್ಟೆ ಹಿಡಿದು ಬರುವುದು ಕಂಡರೆ ಸಾಕು, ಬೀದಿಯ ತಾಯಂದಿರು ಕಿಟಕಿ ಮುಚ್ಚುತ್ತಾರೆ. “ಮುಂದಿನ ಮನೆಗೆ ಹೋಗಿ ಮಿಸ್ಟರ್, ನಮ್ದು ಊಟ ಆಯ್ತು!” ಎಂದು ಗೋಲ್‌ಕೀಪರನ ತಾಯಿ ಕಸಿಲ್ದಾ ಮಹಡಿಯಿಂದ ಕೂಗುತ್ತಾಳೆ. “ಹೊಟ್ಟೆಗಲ್ಲ ಕಣಮ್ಮ, ಮಾತಾಡೋಕೆ,” ಎನ್ನುತ್ತಾ ಅವರು ಮೆಟ್ಟಿಲು ಹತ್ತಿಯೇ ಬಿಡುತ್ತಾರೆ. ಹಿಂದೆ ತಾವು ಹದಿನಾಲ್ಕು ವರ್ಷ ಆಡಿದ್ದ ದೊಡ್ಡ ತಂಡ ಅವರನ್ನು ಕೈಬಿಟ್ಟಾಗ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೂಟಿನ ಲೇಸು ಕಟ್ಟಿಕೊಂಡ ಮೇಲೆ, ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲದ್ದನ್ನು ಅವರೇ ಓದಿಕೊಂಡಿದ್ದರು. ಸತತ ಒಂಬತ್ತು ಸೋಲುಗಳ ನಂತರ, ಕಳೆದ ಶನಿವಾರ ನಮ್ಮ ಕ್ಲಬ್ಬಿನ ಸಮಿತಿ ಹೊಸ ಕೋಚ್‌ನನ್ನು ಗೊತ್ತುಮಾಡಿ, ಮರುದಿನ ಬೆಳಿಗ್ಗೆ ಬಾಗಿಲಿಗೆ ಚೀಟಿ ಅಂಟಿಸಿದರಾಯಿತು ಎಂದು ತೀರ್ಮಾನಿಸಿತು. ಅಂದು ಸಂಜೆಯೇ ನಾವು ಆಟಗಾರರೆಲ್ಲ ಕಸಿಲ್ದಾ ಮಾಡಿಕೊಟ್ಟ ಆಮ್ಲೆಟ್ ಹಿಡಿದು ಅವರ ಮನೆಯ ಬಾಗಿಲು ತಟ್ಟಿದೆವು. ಮಿಸ್ಟರ್ ತಟ್ಟೆಯನ್ನು ನೋಡಿದರು, ಆಮೇಲೆ ನಮ್ಮ ಮುಖಗಳನ್ನು ನೋಡಿದರು. “ಈರುಳ್ಳಿ ಹಾಕಿದೀರೇನ್ರೋ?” ಎಂದು ಕೇಳಿ, ನಾವು ಒಳಗೆ ಬರಲು ದಾರಿ ಬಿಟ್ಟರು.