ಚೆಕ್ಕಿಗಿಂತ ಮೊದಲು ಬರೆದ ತೊಂಬತ್ತಾರು ರೂಪಾಯಿ

1996ರ ಮಾರ್ಚ್ ಕೊನೆಯ ವಾರ. ಆಗ ನಾನು ಕೂಡ್ಲಿಗಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಅಕೌಂಟೆಂಟ್ ಆಗಿದ್ದೆ. ಅಕೌಂಟೆಂಟ್ ಎಂದರೆ ಮ್ಯಾನೇಜರ್ ನಂತರದ ಅಧಿಕಾರಿ. ಬಂದ ಚೆಕ್ಕುಗಳನ್ನು ಪಾಸ್ ಮಾಡುವುದು, ವಾಪಸ್ ಕಳಿಸುವುದು, ದಿನದ ಲೆಕ್ಕ ಮುಗಿಸುವುದು ನನ್ನ ಕೆಲಸ. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಪ್ರತಿ ಖಾತೆಗೂ ದಪ್ಪ ಲೆಡ್ಜರಿನಲ್ಲಿ ಒಂದೊಂದು ಹಾಳೆ. ಅದರಲ್ಲಿ ಗುಮಾಸ್ತರು ಕೈಯಿಂದ ಬರೆಯಬೇಕು, ನಾನು ಪಕ್ಕದಲ್ಲಿ ಸಹಿ ಹಾಕಬೇಕು.

ನನಗೆ ಶಿಸ್ತಿನ ಮನುಷ್ಯ ಎಂಬ ಹೆಸರಿತ್ತು. ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ನಾಗಪ್ಪ ಹುಣಸೆಹಣ್ಣಿನ ವ್ಯಾಪಾರಿ. ನಮ್ಮಲ್ಲಿ ಹುಣಸೆಯನ್ನು ಮರದ ಮೇಲಿರುವಾಗಲೇ ಕೊಳ್ಳುತ್ತಾರೆ. ಮರದ ಒಡೆಯನಿಗೆ ಪೂರ್ತಿ ಹಣ ಸಂದ ಮೇಲೆಯೇ ಹಣ್ಣು ಬಡಿಯುವ ಮೊದಲ ಗಳ ಕೊಂಬೆಗೆ ತಾಗಬೇಕು. ಕಾಗದ ಪತ್ರ ಏನೂ ಇಲ್ಲ, ಮಾತೇ ಎಲ್ಲ. ಮಲ್ಲಣ್ಣ ಎಂಬ ರೈತರ ನಲವತ್ತೆರಡು ಮರಗಳನ್ನು ನಾಗಪ್ಪ ಹನ್ನೊಂದು ವರ್ಷ ಹೀಗೆ ಮಾತಿನ ಮೇಲೆ ಹಿಡಿದಿದ್ದ. ಅವನ ಇಡೀ ವ್ಯಾಪಾರ ಆ ಮರಗಳ ಮೇಲೆ ನಿಂತಿತ್ತು. ಹಣ್ಣು ಬಡಿಯಲು, ಬೀಜ ಬಿಡಿಸಲು ಹದಿನೈದು ಹೆಂಗಸರು ಅವನನ್ನು ನಂಬಿಕೊಂಡಿದ್ದರು.

ಅವನು ಪ್ರತಿ ವರ್ಷ ನೋಟಿನ ಕಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದ. ಇದು ಅಪಾಯ, ಕರೆಂಟ್ ಅಕೌಂಟ್ ತೆಗೆ, ಚೆಕ್ ಕೊಡು ಎಂದು ಅವನ ಬೆನ್ನು ಹತ್ತಿದವನು ನಾನೇ. ಚೆಕ್ ಎಂದರೆ ಮಲ್ಲಣ್ಣ ಒಪ್ಪುತ್ತಾರೋ ಇಲ್ಲವೋ ಎಂದು ಅವನು ಅಳುಕಿದ. ಬ್ಯಾಂಕಿನ ಕಾಗದಕ್ಕೆ ನೋಟಿನಷ್ಟೇ ಬೆಲೆ ಎಂದು ನಾನು ಭರವಸೆ ಕೊಟ್ಟೆ.

ಚೆಕ್ ಬರೆಯುವ ಹಿಂದಿನ ದಿನ ನಾಗಪ್ಪ ಬ್ಯಾಂಕಿಗೆ ಬಂದು, ಲೆಡ್ಜರ್ ನೋಡಿಕೊಳ್ಳುತ್ತಿದ್ದ ಗುಮಾಸ್ತೆ ಸರೋಜಾ ಮೇಡಂ ಅವರನ್ನು ಖಾತೆಯಲ್ಲಿ ಹಣ ಎಷ್ಟಿದೆ ಎಂದು ಕೇಳಿದ್ದ. ಹದಿನೆಂಟು ಸಾವಿರದ ಆರುನೂರ ನಲವತ್ತು ಎಂದು ಅವರು ಹೇಳಿದ್ದರು. ಅವನು ಹದಿನೆಂಟು ಸಾವಿರದ ಆರುನೂರಕ್ಕೆ ಚೆಕ್ ಬರೆದ. ಖಾತೆ ಬರಿದಾಗಬಾರದೆಂದು ನಲವತ್ತು ರೂಪಾಯಿ ಬಿಟ್ಟಿದ್ದ.

ಮಲ್ಲಣ್ಣ ಆ ಚೆಕ್ಕನ್ನು ಊರಿನ ಇನ್ನೊಂದು ಬ್ಯಾಂಕಿಗೆ ಹಾಕಿದರು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿನ ಜವಾನ ಅದನ್ನು ಬೇರೆ ಚೆಕ್ಕುಗಳ ಜೊತೆ ನಮ್ಮ ಕೌಂಟರಿಗೆ ತಂದುಕೊಟ್ಟ. ವರ್ಷಾಂತ್ಯದ ಗಡಿಬಿಡಿಯಲ್ಲಿ ಅದು ಸರೋಜಾ ಮೇಡಂ ಅವರ ಮೇಜಿನ ಮೇಲೆಯೇ ಉಳಿಯಿತು.

ಅದೇ ವಾರ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು. ಕರೆಂಟ್ ಅಕೌಂಟುಗಳಿಗೆ ಫೋಲಿಯೋ ಚಾರ್ಜ್ ಎಂಬುದೊಂದಿದೆ. ಲೆಡ್ಜರಿನಲ್ಲಿ ಎಷ್ಟು ಹಾಳೆ ತುಂಬುತ್ತದೋ ಅಷ್ಟು ಶುಲ್ಕ. ಅದನ್ನು ಮಾರ್ಚ್ ಮುಗಿಯುವುದರೊಳಗೆ ತಪ್ಪದೆ ಹಿಡಿದುಕೊಳ್ಳಬೇಕು, ಬಿಟ್ಟರೆ ಅಧಿಕಾರಿಯೇ ಹೊಣೆ ಎಂದು ಅದರಲ್ಲಿ ಬರೆದಿತ್ತು. ಚೆಕ್ ಬಂದ ದಿನವೇ ಮಧ್ಯಾಹ್ನ ಊಟ ಮಾಡಿ ಬಂದು ನಾನೇ ಕೂತು ಎಲ್ಲ ಖಾತೆಗಳಿಗೂ ಚೀಟಿ ಬರೆದೆ. ನಾಗಪ್ಪನ ಪಾಲಿಗೆ ಎರಡು ಹಾಳೆ, ತೊಂಬತ್ತಾರು ರೂಪಾಯಿ.

ಸುಮಾರು ಎರಡೂವರೆಗೆ ಸರೋಜಾ ಮೇಡಂ ಒಂದು ಕೈಯಲ್ಲಿ ಚೆಕ್ಕು, ಇನ್ನೊಂದು ಕೈಯಲ್ಲಿ ನನ್ನ ಚೀಟಿ ಹಿಡಿದು ನನ್ನ ಮೇಜಿಗೆ ಬಂದರು.

"ಸರ್, ಇದರಾಗ ಯಾವುದು ಮೊದಲ ಬರೀಲಿ? ಚಾರ್ಜ್ ಮೊದಲ ಬರದ್ರ ಚೆಕ್ಕಿಗೆ ಐವತ್ತಾರು ರೂಪಾಯಿ ಕಡಿಮಿ ಬೀಳ್ತೈತಿ."

ನಾನು ತಲೆ ಎತ್ತಲಿಲ್ಲ. "ನಮ್ದು ಮೊದಲ ಬರೀರಿ," ಎಂದೆ.

ಅವರು ಹೋಗಿ ಹಾಗೇ ಬರೆದರು. 

ಆಗಲೂ ದಾರಿ ಇತ್ತು. ಐವತ್ತಾರು ರೂಪಾಯಿಯ ತಾತ್ಕಾಲಿಕ ಓವರ್‌ಡ್ರಾಫ್ಟ್ ಕೊಡಬಹುದಿತ್ತು. ಅಂದರೆ ಕಡಿಮೆ ಬಿದ್ದ ಹಣವನ್ನು ಬ್ಯಾಂಕೇ ಎರಡು ದಿನದ ಮಟ್ಟಿಗೆ ತುಂಬಿ, ಬಡ್ಡಿ ಹಾಕಿ ವಸೂಲಿ ಮಾಡುವುದು. ನಮ್ಮ ಜವಾನನನ್ನು ಕಳಿಸಿ, ಐವತ್ತಾರು ರೂಪಾಯಿ ತಂದು ಕಟ್ಟು ಎಂದು ಹೇಳಿಸಬಹುದಿತ್ತು. ನಾಗಪ್ಪನ ಗೋಡೌನು ಇದ್ದದ್ದು ಬಸ್ ನಿಲ್ದಾಣದ ಹಿಂದೆ, ನಡೆದರೆ ಐದು ನಿಮಿಷ. ಹಿಂದಿನ ಅಧಿಕಾರಿಗಳೆಲ್ಲ ಹಾಗೇ ಮಾಡುತ್ತಿದ್ದರು. ಆದರೆ ಹಿಂದಿನ ತಪಾಸಣೆಯಲ್ಲಿ ಇಂಥ ಸಣ್ಣ ಓವರ್‌ಡ್ರಾಫ್ಟುಗಳ ಪಟ್ಟಿ ಹಿಡಿದು ಇನ್‌ಸ್ಪೆಕ್ಟರ್ ನನ್ನನ್ನು ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡಿದ್ದರು. ಆ ಸಿಟ್ಟು ನನ್ನೊಳಗಿತ್ತು. ಸಾಕಷ್ಟು ಹಣವಿಲ್ಲ ಎಂದು ಚೀಟಿ ಅಂಟಿಸಿ ಚೆಕ್ ವಾಪಸ್ ಕಳಿಸಿದೆ. ವಾಪಸ್ ಕಳಿಸಿದ್ದಕ್ಕೆ ಇನ್ನೂ ಐವತ್ತು ರೂಪಾಯಿ ಚಾರ್ಜು ಹಾಕಿದೆ.

ಮೂರನೆಯ ದಿನ ನಾಗಪ್ಪ ಬಂದ. ಕೂಗಾಡುತ್ತಾನೆ ಎಂದುಕೊಂಡು ನಾನು ಉತ್ತರಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವನು ಕೂಗಾಡಲಿಲ್ಲ. ಮಲ್ಲಣ್ಣ ಮರಗಳನ್ನು ಹರಪನಹಳ್ಳಿ ಕಡೆಯ ವ್ಯಾಪಾರಿಗಳಿಗೆ ಕೊಟ್ಟುಬಿಟ್ಟಿದ್ದಾರೆ ಎಂದ. ನಗದು ತಂದು ಮುಂದಿಟ್ಟರೂ ಮುಟ್ಟಲಿಲ್ಲವಂತೆ. ಹಣವಿಲ್ಲದ ಖಾತೆಯ ಮೇಲೆ ಚೆಕ್ ಬರೆದು ಕೊಟ್ಟವನ ಮಾತು ಇನ್ನು ನಂಬುವುದು ಹೇಗೆ ಎಂದರಂತೆ. ಆಮೇಲೆ ನಾಗಪ್ಪ ಮೇಜಿನ ಅಂಚು ಹಿಡಿದುಕೊಂಡು ಮೆಲ್ಲಗೆ ಕೇಳಿದ.

"ಸಾಹೇಬ್ರ, ಒಂದ ಹೇಳ್ರಿ. ನನ್ನ ಚೆಕ್ಕು ಬಂದಾಗ ಅಕೌಂಟಿನ್ಯಾಗ ರೊಕ್ಕ ಇತ್ತೋ, ಇರಲಿಲ್ಲೋ?"

ನಾನು, "ಇರಲಿಲ್ಲ," ಎಂದೆ. ಚಾರ್ಜನ್ನು ಮೊದಲೇ ಹಿಡಿದಾಗಿತ್ತು, ಚೆಕ್ ಆಮೇಲೆ ಬಂತು, ಚಾರ್ಜಿನ ಹಣವನ್ನೂ ಲೆಕ್ಕ ಹಾಕಿ ಬರೆಯಬೇಕಿತ್ತು ಎಂದು ವಿವರಿಸಿದೆ. ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಎಂದು ನೆನೆದರೆ ಇಂದಿಗೂ ಭಯವಾಗುತ್ತದೆ. ಸರೋಜಾ ಮೇಡಂ ಲೆಡ್ಜರಿನಿಂದ ಮುಖ ಎತ್ತಲಿಲ್ಲ.

"ಹಂಗಾರ ತಪ್ಪು ನಂದ ಬಿಡ್ರಿ," ಎಂದ ನಾಗಪ್ಪ. ಐವತ್ತು ರೂಪಾಯಿ ಚಾರ್ಜು ಸೇರಿಸಿ ಬ್ಯಾಂಕಿಗೆ ಏನಾದರೂ ಕಟ್ಟುವುದಿದೆಯೇ ಎಂದು ವಿಚಾರಿಸಿ, ನಮಸ್ಕಾರ ಮಾಡಿ ಹೋದ.

ಬೇರೆ ಕಡೆ ಮರ ಹಿಡಿಯಲು ಆ ಹೊತ್ತಿಗೆ ತಡವಾಗಿತ್ತು. ಸುದ್ದಿಯೂ ಹಬ್ಬಿತ್ತು. ಮುಂದಿನ ವರ್ಷವೂ ಅವನಿಗೆ ಮಾತಿನ ಮೇಲೆ ಯಾರೂ ಮರ ಕೊಡಲಿಲ್ಲ. ಗೋಡೌನು ಬಿಟ್ಟು, ಬೇರೆ ಸಾಹುಕಾರರ ಬಳಿ ತೂಕ ಹಾಕುವ ಕೆಲಸಕ್ಕೆ ಸೇರಿದ. ಅಷ್ಟರಲ್ಲಿ ನನಗೆ ವರ್ಗವಾಯಿತು, ಬಡ್ತಿಯೂ ಬಂತು.

ಬ್ಯಾಂಕಿನ ಚಾರ್ಜುಗಳು ನ್ಯಾಯವೇ ಎಂದು ಜನ ನನ್ನನ್ನು ಆಗಾಗ ಕೇಳುತ್ತಾರೆ. ನ್ಯಾಯ ಎಂದೇ ಹೇಳುತ್ತೇನೆ. ಲೆಡ್ಜರ್ ಬರೆಯುವವರಿಗೆ ಸಂಬಳ ಕೊಡಬೇಕು, ಕಂತು ತಡ ಮಾಡುವವನ ಭಾರವನ್ನು ಹೊತ್ತಿಗೆ ಸರಿಯಾಗಿ ಕಟ್ಟುವವನು ಏಕೆ ಹೊರಬೇಕು ಎಂದು ವಾದಿಸುತ್ತೇನೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮಾತಿನ ಮಧ್ಯೆ ಎರಡೂ ಕೈಯಲ್ಲಿ ಕಾಗದ ಹಿಡಿದು ನಿಂತ ಸರೋಜಾ ಮೇಡಂ ಕಣ್ಣ ಮುಂದೆ ಬರುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನಿದ್ದೆಯಲ್ಲೂ ಎಷ್ಟೋ ಸಲ ಯಾವುದು ಮೊದಲ ಬರೀಲಿ ಎಂಬ ಅವರ ಪ್ರಶ್ನೆ ಕೇಳಿಸಿದೆ. ಕನಸಿನಲ್ಲಿ ಕೂಡ ನಾನು ಕೊಡುವ ಉತ್ತರ ಬದಲಾಗುವುದಿಲ್ಲ.

2007ರಲ್ಲಿ, ನಿವೃತ್ತಿಗೆ ಕೆಲವು ತಿಂಗಳಿರುವಾಗ, ಒಂದು ದಿನ ರಜೆ ಹಾಕಿ ಕೂಡ್ಲಿಗಿಗೆ ಹೋದೆ. ನಾಗಪ್ಪ ಅದೇ ಸಾಹುಕಾರರ ಗೋಡೌನಿನಲ್ಲಿ ತಕ್ಕಡಿ ಮುಂದೆ ಕೂತಿದ್ದ. ತಲೆ ಪೂರ್ತಿ ನೆರೆತಿತ್ತು. ನನ್ನ ಗುರುತು ಹಿಡಿದು ಎದ್ದು ನಿಂತ, ಚಹಾ ತರಿಸಿದ. ಇವರ ಬ್ಯಾಂಕಿನಲ್ಲೇ ತಾನು ಲೆಕ್ಕ ತಪ್ಪಿ ಚೆಕ್ ಬರೆದು ಕೆಟ್ಟದ್ದು, ಇವರದೇನೂ ತಪ್ಪಿಲ್ಲ ಎಂದು ಸಾಹುಕಾರರಿಗೆ ನಗುತ್ತಲೇ ನನ್ನನ್ನು ಪರಿಚಯಿಸಿದ. ನಾನು ಚಹಾದ ಲೋಟವನ್ನು ಅಲ್ಲೇ ಕೆಳಗಿಟ್ಟೆ.

ಅವನನ್ನು ಹೊರಗೆ ಕರೆದು ನಡೆದದ್ದನ್ನೆಲ್ಲ ಹೇಳಿದೆ. ಚೆಕ್ ಬಂದದ್ದು ಬೆಳಿಗ್ಗೆ, ಚಾರ್ಜು ಬರೆದದ್ದು ಮಧ್ಯಾಹ್ನ, ಆಮೇಲೆ ಹೇಳಿದ್ದು ಸುಳ್ಳು. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಮಲ್ಲಣ್ಣ ಹೋಗಿ ಮೂರು ವರ್ಷ ಆತ್ರಿ," ಎಂದ. "ಹಾಸಿಗಿ ಹಿಡಿದಾಗ ನೋಡಾಕ ಹೋಗಿದ್ದೆ. ನಂದ ತಪ್ಪಾತಣ್ಣ ಅಂತ ಕಾಲು ಹಿಡಕೊಂಡೆ. ಈಗ ಇದನ್ನ ಯಾರಿಗೆ ಹೋಗಿ ಹೇಳ್ಲಿ?"

ಒಳಗಿನಿಂದ ಯಾರೋ ತೂಕಕ್ಕೆ ಕರೆದರು. ಅವನು ಹೋದ.

ತಪ್ಪಾಗಿ ಹಿಡಿದ ಚಾರ್ಜನ್ನು ಎಷ್ಟೋ ಸಲ ಗ್ರಾಹಕರ ಖಾತೆಗೆ ತಿರುಗಿ ಹಾಕಿದ್ದೇನೆ, ಅದು ಒಂದು ಸಾಲಿನ ಕೆಲಸ. ಚಾರ್ಜು ಎಷ್ಟಿರಬೇಕು ಎಂಬುದನ್ನು ನಿಯಮ ಹೇಳುತ್ತದೆ. ಯಾವುದನ್ನು ಮೊದಲು ಬರೆಯಬೇಕು ಎಂದು ಅವತ್ತು ಹೇಳಿದ್ದು ನಿಯಮವಲ್ಲ, ನಾನು. ಮೂವತ್ತನಾಲ್ಕು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ತಡವಾಗಿ ಕಲಿತೆ.

ಚೆಕ್ಕು ಬಂದಾಗ ಖಾತೆಯಲ್ಲಿ ಹಣ ಇತ್ತೋ ಇರಲಿಲ್ಲವೋ ಎಂದು ಒಬ್ಬ ಮನುಷ್ಯ ನನ್ನನ್ನು ನಂಬಿ ಕೇಳಿದ್ದ.

ಇತ್ತು.