ಮೊದಲು ಅಂದವರು ಯಾರು

ಬೈಲಹೊಂಗಲದ ಕಾಲೇಜಿನಲ್ಲಿ ಒಟ್ಟಿಗೆ ಓದಿದವರದೊಂದು ಗ್ರೂಪು ನಮ್ಮ ಮೊಬೈಲಿನಲ್ಲಿದೆ. ಅದರಲ್ಲಿದ್ದ ಮನೋಳಿ ಊರಿನ ಗೆಳೆಯ ಏನನ್ನೂ ಟೈಪ್ ಮಾಡುತ್ತಿರಲಿಲ್ಲ, ಎಲ್ಲವನ್ನೂ ಮಾತಾಡಿ ಕಳಿಸುತ್ತಿದ್ದ. ಒಂದೊಂದು ಆರೇಳು ನಿಮಿಷ. ಎಲ್ಲರ ಆರೋಗ್ಯ, ಹೊಳೆಯ ನೀರು, ಕಬ್ಬಿನ ಲಾರಿ, ಕಡೆಗೆ ಹೇಳಬೇಕಾದ ಒಂದು ಮಾತು. "ಬರದ್ರ ಸಿಟ್ಟಿಲೆ ಬರದಂಗ ಕಾಣತೈತ್ರಲೇ" ಎನ್ನುತ್ತಿದ್ದ.

ಒಂದು ದಿನ ಯಾರೋ ಬರೆದರು: "ಮನೋಳಿ ಬಂತು. ಚಾ ಇಟಗೊಂಡ ಕೇಳ್ರಿ."

ವಾರದೊಳಗೆ ಯಾರ ಉದ್ದನೆಯ ಮೆಸೇಜಾದರೂ ಮನೋಳಿಯಾಯಿತು. "ಮನೋಳಿ ಬ್ಯಾಡ, ಎರಡ ಸಾಲಿನ್ಯಾಗ ಹೇಳು." ನಮ್ಮ ಗ್ರೂಪಿನಿಂದ ಅದು ಮನೆಯವರ ಗ್ರೂಪಿಗೆ, ಅಲ್ಲಿಂದ ಮಕ್ಕಳ ಗ್ರೂಪಿಗೆ ಹೋಯಿತು. ನಾನು ಧಾರವಾಡದಲ್ಲಿ ಭಾಷಾವಿಜ್ಞಾನ ಓದಿದವನು. ಹೊಸ ಪದಕ್ಕೆ ಹುಟ್ಟಿಸಿದವರು ಬೇಕಿಲ್ಲ, ಬಳಸುವವರು ಸಾಕು ಎಂದು ತರಗತಿಯಲ್ಲಿ ಹೇಳುತ್ತೇನೆ. ಆದರೆ ರಾಮದುರ್ಗದ ಬಸ್ ನಿಲ್ದಾಣದಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ಫೋನಿನಲ್ಲಿ "ಯವ್ವಾ, ಮನೋಳಿ ಹಚ್ಚಬ್ಯಾಡ" ಅಂದಾಗ ಕಸಿವಿಸಿಯಾಯಿತು. ಆ ಪದದ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ಆಕೆಗೆ ಗೊತ್ತಿಲ್ಲ.

ಅಷ್ಟರಲ್ಲಿ ಅವನು ಮಾತು ಕಳಿಸುವುದನ್ನೇ ನಿಲ್ಲಿಸಿದ್ದ. ಪೇಟೆಗೆ ಬಂದಾಗ ಚಹಾದಂಗಡಿಯಲ್ಲಿ ಸಿಕ್ಕ.

"ಮನ್ಯಾಗ ಬಾಯಿ ತೆರದ್ರ ನನ್ನ ಮಕ್ಕಳೂ ಹಂಗ ಅಂತಾವ. ಮೊದಲ ಅಂದಾಂವ ಯಾಂವಲೇ? ನೀ ಅಂದಿದ್ರ ಹೇಳಿಬಿಡು, ನಿನ್ನ ಮ್ಯಾಲ ಸಿಟ್ಟ ಮಾಡಾಕ ಬರಂಗಿಲ್ಲ ನನಗ. ಬ್ಯಾರೇದಾಂವ ಆದ್ರ ಗ್ರೂಪ್ ಬಿಡತೇನಿ."

"ಖರೇನ ನೆನಪಿಲ್ಲೋ."

"ಇಷ್ಟೆಲ್ಲಾ ಓದಿ ಏನ್ ಮಾಡಿದಿ ಮತ್ತ?" ಅರ್ಧ ಚಹಾ ಬಿಟ್ಟು ಎದ್ದುಹೋದ.

ನಾನು ಸುಳ್ಳು ಹೇಳಿರಲಿಲ್ಲ. ಹಳೆಯ ಫೋನು ಕೆಟ್ಟಾಗ ಆ ಮೆಸೇಜುಗಳೆಲ್ಲ ಹೋಗಿದ್ದವು. ಆ ಸಾಲನ್ನು ನಾನೇ ಬರೆದ ನೆನಪೂ ಇದೆ, ಓದಿ ನಕ್ಕ ನೆನಪೂ ಇದೆ. ಎರಡರಲ್ಲೊಂದು ನಾನು ಆಮೇಲೆ ಕಟ್ಟಿಕೊಂಡದ್ದು. ಉಳಿದವರನ್ನು ಕೇಳಿದೆ. ಇಬ್ಬರು ನೀನೇ ಎಂದರು. ಮೂವರು, "ನಾನಲೇ ಅಂದಾಂವ!" ಎಂದು ಹೆಮ್ಮೆಪಟ್ಟರು.

ಸಾಕಾಗಿಹೋಯಿತು. ಮೊದಲು ಅಂದವನು ನಾನೇ, ತಪ್ಪಾಯಿತು, ಅವನಿಗೆ ನೋವಾಗಿದೆ, ಇನ್ನು ಆ ಮಾತು ಬಿಡೋಣ ಎಂದು ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು: "ಮಾಸ್ತರ ಕಡಿಂದನೂ ಮನೋಳಿ ಬಂತಪ್ಪೋ!" ಅದರ ಕೆಳಗೆ ಸಾಲುಸಾಲು ನಗುವ ಮುಖಗಳು.

ಸ್ವಲ್ಪ ಹೊತ್ತಿಗೆ ಅವನು ನನಗೊಬ್ಬನಿಗೇ ಟೈಪ್ ಮಾಡಿ ಕಳಿಸಿದ.

"ನೆನಪಿಲ್ಲ ಅಂದಿದ್ದಿ. ಈಗ ಹೆಂಗ ನೆನಪಾತು?"

ಮೂರು ಸಲ ಬರೆದು ಅಳಿಸಿದೆ. ಕಡೆಗೆ, "ನೆನಪಾಗಿಲ್ಲ. ನೀ ಹೋಗಬಾರದಂತ ಅಂದೆ" ಎಂದು ಕಳಿಸಿದೆ.

ಅವನು ಓದಿದ. ಗ್ರೂಪು ಬಿಟ್ಟಿಲ್ಲ. ಮಾತನ್ನೂ ಕಳಿಸಿಲ್ಲ.